ಡೀಸೆಲ್ ಕುಡಿಯುವ ಯಾವುದೂ

ನಾಲ್ಕು ತಲೆಮಾರಿನಿಂದ ಸಲ್ಡಾನ ಮನೆತನದ ಬಾಗಿಲಿಗೆ ಒಬ್ಬ ಪೊಲೀಸನೂ ಬಂದವನಲ್ಲ. ಇಗರ್ಜಿಯ ದೊಡ್ಡ ಗಂಟೆ ಅವರೇ ಕೊಟ್ಟದ್ದು. ಆ ಮನೆಯ ಐರಿನ್ ಬಾಯಮ್ಮನ ಡೀಸೆಲ್ ಕಾರನ್ನು ಹದಿನೆಂಟು ವರ್ಷದಿಂದ ಓಡಿಸುತ್ತಿದ್ದವನು ಮೋನಪ್ಪ.

ಬಾಯಮ್ಮ ಈಗ ವಾಸವಿದ್ದ ಫ್ಲ್ಯಾಟುಗಳ ಸಂಘದ ಕಾರ್ಯದರ್ಶಿ ವಾಮನ ರಾಯರು ಹೊಸದಾಗಿ ಎಲೆಕ್ಟ್ರಿಕ್ ಕಾರು ಕೊಂಡರು. ಒಂದು ಮಧ್ಯಾಹ್ನ ಮೋನಪ್ಪನನ್ನು ತಡೆದರು.

"ಈ ಹೊಗೆಡಬ್ಬಿ ಇವತ್ತೇ ಗೇಟಿನ ಹೊರಗೆ ಹೋಗಬೇಕು. ಪೆಟ್ರೋಲಿನದ್ದಾದರೂ ಸಹಿಸುತ್ತಿದ್ದೆ."

ಕಾರು ಹೋದರೆ ಮೋನಪ್ಪನ ಕೆಲಸವೂ ಹೋದಂತೆಯೇ. ಅವನು ಕೈಕಟ್ಟಿ ನಿಂತ. "ಬರೆದು ಕೊಡಿ ಸರ್. ಬಾಯಮ್ಮ ಬಾಯಿಮಾತು ಒಪ್ಪುವವರಲ್ಲ."

ರಾಯರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದರು: ಡೀಸೆಲ್ ಕುಡಿಯುವ ಯಾವುದೂ ಈ ಕಂಪೌಂಡಿನೊಳಗೆ ಓಡಕೂಡದು.

ಬೆಳಗಿನಿಂದ ಕರೆಂಟಿರಲಿಲ್ಲ; ಕಂಪೌಂಡಿನ ಮೂಲೆಯಲ್ಲಿ ಜನರೇಟರ್ ಓಡುತ್ತಿತ್ತು. ಮೋನಪ್ಪ ನೆಟ್ಟಗೆ ಹೋಗಿ ಅದನ್ನು ಆರಿಸಿದ. ಖಾಲಿ ಲಿಫ್ಟು ನಿಂತಿತು. ರಾಯರ ಕಾರಿನ ಚಾರ್ಜರ್ ದೀಪವೂ ಆರಿತು.

"ಏನು ಮಾಡಿದೆಯೋ?"

"ನಿಮ್ಮ ಆಜ್ಞೆ ಸರ್. ಇದು ಕುಡಿಯುವುದೂ ಡೀಸೆಲ್ಲೇ. ನಿಮ್ಮ ಕಾರು ಬೆಳಗಿನಿಂದ ಇದರ ಎಂಜಲು ಕುಡಿಯುತ್ತಿತ್ತು."

ರಾಯರು ಚಾರ್ಜರ್ ನೋಡಿದರು, ಆರು ಮಹಡಿಯ ಮೆಟ್ಟಿಲು ನೋಡಿದರು. ಮೆಲ್ಲಗೆ ನೋಟಿಸು ಹರಿದರು.

ಗೇಟಿನ ಬಳಿ ನಿಂತು ಎಲ್ಲ ಕೇಳಿದ್ದ ಬಾಯಮ್ಮ ಕೊಡೆ ಊರಿಕೊಂಡು ಎದುರಿಗೆ ಬಂದು ನಿಂತರು.

"ಹರಿದರೆ ಸಾಲದು, ಮಿಸ್ಟರ್ ರಾವ್. ಮೋನಪ್ಪನಲ್ಲಿ ಕ್ಷಮೆ ಕೇಳಿ."