ಎರಡು ಅಂಗೈ, ಒಂದು ಗಂಟೆ

"ಸಿಕ್ತು ಅಜ್ಜಾರ, ಸಿಕ್ತು!"

ಕಲ್ಮೇಶ ಏದುಸಿರು ಬಿಡುತ್ತ ಹೊಳೆದಂಡೆಗೆ ಓಡಿ ಬಂದ. ಎಲ್ಲರೂ 'ಅಜ್ಜಾರ' ಎನ್ನುವ ಆಶ್ರಮದ ಗುರುಗಳು ಮೆಟ್ಟಿಲ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು.

ಆ ಆಶ್ರಮದಲ್ಲಿ ಬಡವರಿಗೆಂದು ಒಂದು ಕಣ್ಣಿನ ಆಸ್ಪತ್ರೆ. ಚೀಟಿ ಕೊಡಲು ಒಂದು ಕಂಪ್ಯೂಟರ್, ಔಷಧಿ ಕೋಣೆಗೆ ಇನ್ನೊಂದು. ಒಂದರಿಂದ ಇನ್ನೊಂದರ ಒಳಗೆ ಹೋಗಿ ನೋಡಲು ಬರುವಂತೆ ಎರಡನ್ನೂ ತಂತಿಯಿಂದ ಜೋಡಿಸಿದವರು ಈ ಗುರುಗಳೇ. ಚೀಟಿಯದನ್ನು ಕಲ್ಮೇಶ ನೋಡುತ್ತಿದ್ದ, ಔಷಧಿಯದನ್ನು ನೀಲಗಂಗಾ. ಆ ದಿನ ಬೆಳಿಗ್ಗೆ ಚೀಟಿ ಮಷಿನ್ನು ತಟ್ಟನೆ ನಿಂತುಬಿಟ್ಟಿತ್ತು; ಪರದೆ ಬೆಳಗುತ್ತಿದ್ದರೂ ಚೀಟಿ ಮಾತ್ರ ಬರುತ್ತಿರಲಿಲ್ಲ. ಹೊರಗೆ ಮಂದಿಯೋ ಮಂದಿ.

"ಏನ್ ಸಿಕ್ತೋ?"

"ತಪ್ಪು ಮಾಡಿದಾಕಿ ಸಿಕ್ಕಳ್ರಿ! ಮುಂಜಾನೆನೇ ಎರಡೂ ಮಷಿನ್ನಿನ ಲಾಗಿಗೆ ಹೇಳಿಟ್ಟಿದ್ದೆ, ಸೊಳ್ಳಿ ಕುಂತ್ರೂ ಬರಿ, ಏನೂ ಬಿಡಬ್ಯಾಡ ಅಂತ. ನೀಲಗಂಗಾ ಒಂಬತ್ತು ಹತ್ತಕ್ಕ ನನ್ನ ಮಷಿನ್ನಿನ ಒಳಗ ಕೈಯಾಡಿಸ್ಯಾಳ ಅಂತ ಆಕಿ ಲಾಗಿನ್ಯಾಗ ಐತಿ. ನನ್ನ ಲಾಗಿನ್ಯಾಗ ನೋಡಿದ್ರ, ಒಂಬತ್ತು ಹದಿನಾಲ್ಕಕ್ಕ ನಂದು ನಿಂತೈತಿ!"

ಲಾಗ್ ಅಂದರೆ ಯಂತ್ರ ತಾನೇ ಬರೆದುಕೊಳ್ಳುವ ದಿನಚರಿ. ಯಾರು, ಯಾವಾಗ, ಏನು ಮಾಡಿದರು, ಎಲ್ಲ ಅದರಲ್ಲಿರುತ್ತದೆ.

"ಆಕಿನ್ನ ಕೇಳಿದ್ಯೇನು?"

"ಕೇಳೂದೇನೈತ್ರಿ? ಎಲ್ಲಾರ ಮುಂದ ಹೇಳಿಬಿಟ್ಟೆ. ಚೀಲ ಕಟ್ಕೊಂಡು ಊರಿಗೆ ಹೊಂಟಾಳ."

ನೀಲಗಂಗಾ ಅಷ್ಟರಲ್ಲಿ ಅಲ್ಲಿಗೇ ಬಂದಿದ್ದಳು, ದೋಣಿ ಕಾಯಲು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಅದು ನಿಂತ ಮ್ಯಾಲೆ ಒಳಗ ಹೋಗೀನ್ರೀ ಅಜ್ಜಾರ. ಚಾಲೂ ಆಗತೈತೇನೋ ನೋಡಾಕ."

"ಲಾಗ್ ಸುಳ್ಳು ಹೇಳತೈತೇನು?" ಕಲ್ಮೇಶ ಗುಡುಗಿದ.

ಗುರುಗಳು ಪಂಚೆ ಕೊಡವಿ ಎದ್ದರು.

"ಇಬ್ಬರೂ ನಿಮ್ಮ ನಿಮ್ಮ ಮಷಿನ್ನಿನ ಮುಂದ ಹೋಗಿ ನಿಲ್ರಿ. ಪರದೆ ಮ್ಯಾಲೆ ಟೈಮ್ ಇರತೈತಲ್ಲ, ನಾ ಗಂಟಿ ಹೊಡದ ಕೂಡಲೇ ಅದನ್ನ ಅಂಗೈಮ್ಯಾಲೆ ಬರಕೊಂಡು ಬರ್ರಿ."

ಢಣ್!

ಗುರುಗಳು ದಂಡೆಯ ಮೇಲಿನ ಗಂಟೆಗೆ ಹೊಡೆದದ್ದು ಒಂದೇ ಏಟು. ಇಬ್ಬರೂ ಓಡೋಡಿ ಬಂದು ಅಂಗೈ ಚಾಚಿದರು.

ಕಲ್ಮೇಶನ ಅಂಗೈಯಲ್ಲಿ ಹನ್ನೊಂದು ಇಪ್ಪತ್ತು. ನೀಲಗಂಗಾಳ ಅಂಗೈಯಲ್ಲಿ ಹನ್ನೊಂದು ಹದಿಮೂರು.

"ಗಂಟಿ ಎಷ್ಟು ಸಲ ಹೊಡದೆ?"

"ಒಂದೇ ಸಲ್ರಿ..."

ಕಲ್ಮೇಶ ಬೆರಳು ಮಡಚಿ ಲೆಕ್ಕ ಹಾಕಿದ. ಅವಳ ಮಷಿನ್ನಿನ ಗಡಿಯಾರ ಇವನದಕ್ಕಿಂತ ಏಳು ನಿಮಿಷ ಹಿಂದೆ. ಅಲ್ಲಿಯ ಒಂಬತ್ತು ಹತ್ತು, ಇಲ್ಲಿಯ ಒಂಬತ್ತು ಹದಿನೇಳು. ಅವನ ಮುಖ ಪೆಚ್ಚಾಯಿತು.

"ಅಯ್ಯಯ್ಯೋ! ಆಕಿ ನಿಂತ ಮ್ಯಾಲೇ ಬಂದಾಳ್ರಿ!"

"ಹಂಗಾರ ನಿಲ್ಲಿಸಿದವರು ಯಾರು? ನಿನ್ನ ಲಾಗ್ ಏನಂತೈತಿ?"

"ಒಂಬತ್ತು ಹದಿನಾಲ್ಕು..."

"ಟೈಮ್ ಅಲ್ಲೋ. ಅದರ ಮುಂದಿನ ಮಾತು ಓದಿದ್ಯೇನು?"

ಓದಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ನೋಡಿ. ಪುಣ್ಯಾತ್ಮ ಮತ್ತೆ ಓಡಿದ. ಬರುವಾಗ ಮಾತ್ರ ಕಾಲೆಳೆದುಕೊಂಡು ಬಂದ.

"'ಬರೆಯಲು ಜಾಗ ಉಳಿದಿಲ್ಲ' ಅಂತೈತ್ರಿ. ಎಲ್ಲಾ ಬರಿ ಅಂದಾಂವ ನಾನ. ಬರದು ಬರದು ಹೊಟ್ಟಿ ತುಂಬಿ ನಿಂತೈತಿ."

ದೋಣಿ ದಡಕ್ಕೆ ತಾಗಿತು. ಕಲ್ಮೇಶ ಬಾಚಿ ನೀಲಗಂಗಾಳ ಚೀಲ ಕಸಿದುಕೊಂಡ.

"ತಂಗೀ, ನೀ ಹೋಗಬ್ಯಾಡ. ನಾ ಹೋಗತೀನಿ. ಅಜ್ಜಾರ, ನನ್ನ ತಪ್ಪು ಒಂದೂ ಬಿಡದಂಗ ಬರದಿಡ್ರಿ!"

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಷ್ಟೆಲ್ಲಾ ಬರ್ಯಾಕ ಜಾಗ ಎಲ್ಲೈತೋ ಹುಚ್ಚಪ್ಪಾ? ಹೋಗು, ಆಕಿ ಚೀಲ ಒಳಗಿಟ್ಟು ಬಾ."