ಎರಡು ತೊಟ್ಟಿ, ಒಂದು ನಾಲಿಗೆ

"ಅಜ್ಜಿ, ತೊಟ್ಟಿ ಎಷ್ಟು ದೊಡ್ಡದಿರಬೇಕು?"

ಕೇಳಿದವಳು ಸುಕನ್ಯಾ. ಕೆಮಿಕಲ್ ಇಂಜಿನಿಯರಿಂಗ್ ಓದಲು ಹೋಗುವ ಮೊದಲು ಅವಳು ಸೋಪು ಕಾಯಿಸಲು ಕಲಿತದ್ದು ಹೊನ್ನೂರಮ್ಮನ ಅಂಗಳದಲ್ಲಿ. ಈಗ ಒಂದು ಸೋಪಿನ ಕಾರ್ಖಾನೆಯಲ್ಲಿ ಕೆಲಸ. ಜಿಲ್ಲೆಯಲ್ಲೇ ದೊಡ್ಡದೆನ್ನುವಂಥ ಒಂದೇ ತೊಟ್ಟಿ ಕಟ್ಟಿಸಿ, ಅದರ ಮೇಲೆ ಅಪ್ಪನ ಹೆಸರು ಬರೆಸಬೇಕೆಂದು ಅಲ್ಲಿಯ ಮಾಲೀಕನ ಆಸೆ. ಅಷ್ಟು ದೊಡ್ಡದಾದರೂ ಎಣ್ಣೆಯೊಡನೆ ಕೂಡದೆ ಕೈ ಸುಡುವ ಹಸಿ ಕಾಸ್ಟಿಕ್ ಸೋಪಿನಲ್ಲಿ ಉಳಿದೇ ಉಳಿಯುತ್ತದೆ ಎಂದು ಸುಕನ್ಯಾಳ ಲೆಕ್ಕ ಹೇಳುತ್ತಿತ್ತು. ತೊಟ್ಟಿ ಸರಿಯಿದೆ ಎಂದು ಬರೆದು ನಾಳೆ ರುಜು ಹಾಕಿಕೊಡು ಎಂದಿದ್ದ ಮಾಲೀಕ. ಹಾಕದಿದ್ದರೆ ಕೆಲಸ ಹೋಗುತ್ತಿತ್ತು.

ಹೊನ್ನೂರಮ್ಮ ಬೀದಿಯ ಕಡೆ ನೋಡಿದಳು. ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ದನಿ ತಗ್ಗಿಸಿದಳು.

"ಒಂದು ಸಂಗತಿ ಹೇಳುತ್ತೇನೆ. ಈ ಹೊಸಿಲು ದಾಟಬಾರದು. ಎಣ್ಣೆ ಡಬ್ಬದ ಮೇಲೆ ಕೈ ಇಟ್ಟು ಆಣೆ ಮಾಡು."

"ಯಾರಿಗೂ ಹೇಳುವುದಿಲ್ಲ ಅಜ್ಜಿ."

"ಹಾಗೆಂದೇ ನಾಲ್ಕು ಜನ ಆಣೆ ಮಾಡಿದ್ದಾರೆ. ನೀನು ಐದನೆಯವಳು. ಕೇಳು."

ಒಂದು ಊರಿನಲ್ಲಿ ಒಬ್ಬ ಸೋಪಿನವಳಿದ್ದಳು. ಊರು ಯಾವುದು ಎನ್ನಬೇಡ. ಓದು ಬರಹ ಅವಳಿಗೆ ಅಷ್ಟಕ್ಕಷ್ಟೇ, ಆದರೆ ಅವಳಿಗೊಂದು ನಾಲಿಗೆ ಇತ್ತು. ಸೋಪು ಆಗಿದೆಯೋ ಇಲ್ಲವೋ ಎಂದು ನೋಡಲು ಆಗ ಯಂತ್ರಗಿಂತ್ರ ಇರಲಿಲ್ಲ. ಒಂದು ಚೂರು ನಾಲಿಗೆಯ ತುದಿಗೆ ಮುಟ್ಟಿಸಬೇಕು. ಕಾಸ್ಟಿಕ್ ಹಸಿ ಉಳಿದಿದ್ದರೆ ಚುರ್ ಎನ್ನುತ್ತದೆ. ಬೇರೆಯವರ ನಾಲಿಗೆ ಚುರ್ ಎಂದಿತೋ ಇಲ್ಲವೋ, ಇಷ್ಟೇ ಹೇಳೀತು. ಅವಳ ನಾಲಿಗೆ ನೂರರಲ್ಲಿ ಎಷ್ಟು ಪಾಲು ಹಸಿ ಎಂದು ಹೇಳುತ್ತಿತ್ತು. ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವವರು ಯಾರ ಸೋಪು ಕೊಳ್ಳಬೇಕಾದರೂ ಮೊದಲು ಅವಳ ನಾಲಿಗೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಅದು ಆ ಊರಿನ ಪದ್ಧತಿ.

ಅದೇ ನಾಲಿಗೆ ಬಿಡುವಿದ್ದಾಗ ಬೇರೆ ಕೆಲಸವನ್ನೂ ಮಾಡುತ್ತಿತ್ತು. ಯಾರ ಸೊಸೆ ಯಾಕೆ ತವರಿಗೆ ಹೋದಳು, ಯಾರ ಮನೆ ಹಿತ್ತಿಲ ಬಾಗಿಲು ಎಷ್ಟು ಹೊತ್ತಿಗೆ ಕಿರ್ ಎಂದಿತು, ಎಲ್ಲವೂ ನಲ್ಲಿಯ ಹತ್ತಿರ ಬಿಂದಿಗೆ ತುಂಬುವಷ್ಟರಲ್ಲಿ ಊರಿಗೆ ಗೊತ್ತಾಗುತ್ತಿತ್ತು.

ಅವಳು ಮೊದಮೊದಲು ಕೊಪ್ಪರಿಗೆಯಲ್ಲಿ ಸೋಪು ಕಾಯಿಸುತ್ತಿದ್ದಳು. ಒಂದು ಕೊಪ್ಪರಿಗೆ ಮುಗಿದ ಮೇಲೆ ಇನ್ನೊಂದು. ಬೇಡಿಕೆ ಹೆಚ್ಚಿತು. ಒಂದು ಕಬ್ಬಿಣದ ತೊಟ್ಟಿ ಮಾಡಿಸಿದಳು. ಒಂದು ಕಡೆಯಿಂದ ಎಣ್ಣೆ, ಕಾಸ್ಟಿಕ್ ನೀರು ಸುರಿಯುತ್ತಲೇ ಇರಬೇಕು, ಮೋಟಾರಿನ ಕೋಲು ಕದಡುತ್ತಲೇ ಇರಬೇಕು, ಇನ್ನೊಂದು ಕಡೆಯಿಂದ ಸೋಪು ಹರಿಯುತ್ತಲೇ ಇರಬೇಕು. ಪಕ್ಕದ ಮನೆಯವಳೂ ಸೋಪಿನವಳೇ. ಗಂಡ ಇಲ್ಲದ ಹೆಂಗಸು. ನೋಡಿ ಅಷ್ಟೇ ಅಳತೆಯದೊಂದು ಮಾಡಿಸಿದಳು.

ಇಬ್ಬರ ಸೋಪಿನಲ್ಲೂ ನೂರಕ್ಕೆ ಹತ್ತು ಪಾಲು ಹಸಿ. ಬಟ್ಟೆ ಒಗೆಯುವವರ ಕೈ ಒಡೆದವು. ಅವರ ಯಜಮಾನ ಇಬ್ಬರನ್ನೂ ಕರೆದು ಹೇಳಿದ: ಯುಗಾದಿಯ ಹೊತ್ತಿಗೆ ಯಾರ ಸೋಪಿನಲ್ಲಿ ಹಸಿ ನೂರಕ್ಕೆ ಎರಡಕ್ಕಿಂತ ಕಮ್ಮಿಯೋ, ಇಡೀ ದಂಡೆ ಅವರದೇ ಸೋಪು ಕೊಳ್ಳುತ್ತದೆ. ಇನ್ನೊಬ್ಬರು ಬೇರೆ ದಾರಿ ನೋಡಿಕೊಳ್ಳಬೇಕು.

ಸೋಪಿನವಳು ಮೈಮೇಲಿದ್ದ ಬಂಗಾರವನ್ನೆಲ್ಲ ಬಿಚ್ಚಿ ಎರಡರಷ್ಟು ದೊಡ್ಡ ತೊಟ್ಟಿ ಮಾಡಿಸಿದಳು. ಹಳೆಯ ತೊಟ್ಟಿಯನ್ನು ಪಕ್ಕದ ಮನೆಯವಳೇ ಕೊಂಡಳು. ಗುಜರಿಗೆ ಹೋಗುವುದನ್ನು ಮನೆಗೆ ತಂದುಕೊಂಡಳು, ಪಾಪ, ಎಂದು ಸೋಪಿನವಳು ನಲ್ಲಿಯ ಹತ್ತಿರ ಒಂದು ವಾರ ನಕ್ಕಳು.

ಆಮೇಲೆ ನಗುವುದಕ್ಕಿಂತ ರುಚಿಯಾದದ್ದೊಂದು ಸಿಕ್ಕಿತು. ಪಕ್ಕದ ಮನೆಗೆ ಒಬ್ಬ ವೆಲ್ಡರ್ ಮೂರು ದಿನ ಬಂದ. ಬಂದವನು ಬಾಗಿಲು ಹಾಕಿಕೊಂಡ. ಮೂರನೆಯ ದಿನ ಸಾಮಾನಿನ ಚೀಲವೂ ಇಲ್ಲದೆ ಬಂದ. ಚೀಲ ಇಲ್ಲದ ವೆಲ್ಡರಿಗೆ ಒಂಟಿ ಹೆಂಗಸಿನ ಮನೆಯಲ್ಲಿ ಏನು ಕೆಲಸ? ಸೋಪಿನವಳು ಕೇಳಿದ್ದು ಇಷ್ಟೇ. ಮಿಕ್ಕದ್ದನ್ನು ಊರೇ ಸೇರಿಸಿಕೊಂಡಿತು. ಪಕ್ಕದ ಮನೆಯವಳು ನಲ್ಲಿಗೆ ಬರುವುದನ್ನು ಬಿಟ್ಟಳು.

ಯುಗಾದಿ ಬಂತು. ಯಜಮಾನ ಕೆರೆ ದಂಡೆಯ ಕಲ್ಲಿನ ಮೇಲೆ ಎರಡು ಸೋಪಿನ ತುಂಡು ಇಟ್ಟ. ಯಾರದು ಯಾವುದು ಎಂದು ಎಲ್ಲರಿಗೂ ಗೊತ್ತಿತ್ತು. ಪದ್ಧತಿ ತಪ್ಪಬಾರದು, ನಾಲಿಗೆ ಅವಳದೇ ಆಗಬೇಕು ಎಂದ. ಪಕ್ಕದ ಮನೆಯವಳು ಬೇಡವೆನ್ನಲಿಲ್ಲ. ಸೆರಗು ಹೊದ್ದು ದೂರ ನಿಂತಿದ್ದಳು.

ಸೋಪಿನವಳು ಮೊದಲು ತನ್ನದನ್ನು ಮುಟ್ಟಿಸಿಕೊಂಡಳು. ಚುರ್ ಎಂದಿತು. ಹತ್ತು ಇದ್ದದ್ದು ಐದಕ್ಕೆ ಇಳಿದಿತ್ತು, ಅಷ್ಟೇ. ಆಮೇಲೆ ಪಕ್ಕದವಳದನ್ನು ಮುಟ್ಟಿಸಿಕೊಂಡಳು. ಇನ್ನೊಮ್ಮೆ ಮುಟ್ಟಿಸಿಕೊಂಡಳು. ತುಂಡು ಮುರಿದು ನಡುವಿನಿಂದ ಮುಟ್ಟಿಸಿಕೊಂಡಳು. ನೂರಕ್ಕೆ ಒಂದು.

ಹೇಳವ್ವ, ಯಾವುದು ಎಂದ ಯಜಮಾನ.

ಅವಳು ಸುಳ್ಳು ಹೇಳಿದರೆ ಹಿಡಿಯುವ ನಾಲಿಗೆ ಆ ಊರಿನಲ್ಲಿ ಇನ್ನೊಂದು ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಂಗಾರ ತೊಟ್ಟಿಯಾಗಿತ್ತು. ತೊಟ್ಟಿ ಹೋದರೆ ಅನ್ನ ಹೋದ ಹಾಗೆ.

ನನ್ನದು ಕಚ್ಚುತ್ತದೆ, ಅವಳದು ಕಚ್ಚುವುದಿಲ್ಲ ಎಂದಳು. ಹೇಳಿ ಬಾಯಿ ಮುಕ್ಕಳಿಸಿದಳು.

ಅಲ್ಲಿಂದ ನೇರವಾಗಿ ಪಕ್ಕದ ಮನೆಗೆ ನಡೆದಳು. ಅಷ್ಟು ವರ್ಷ ಗೋಡೆಯ ಮೇಲಿಂದ ಇಣುಕಿದ್ದ ಅಂಗಳಕ್ಕೆ ಅವತ್ತು ಬಾಗಿಲಿನಿಂದ ಹೋದಳು. ಅಲ್ಲಿ ಮಂತ್ರವೂ ಇರಲಿಲ್ಲ, ಮದ್ದೂ ಇರಲಿಲ್ಲ. ಎರಡು ತೊಟ್ಟಿ ಒಂದರ ಹಿಂದೆ ಒಂದು ಕುಳಿತಿದ್ದವು. ಮೊದಲನೆಯದು ಪಕ್ಕದವಳದು, ಎರಡನೆಯದು ತಾನು ಮಾರಿದ್ದು. ನಡುವೆ ಒಂದು ಪೈಪು. ವೆಲ್ಡರಿನ ಮೂರು ದಿನದ ಗುಟ್ಟು ಮೊಳದುದ್ದದ ಪೈಪಾಗಿತ್ತು.

ನಿಂತು ನೋಡಿದಾಗ ಅವಳಿಗೆ ತಿಳಿಯಿತು. ತನ್ನ ದೊಡ್ಡ ತೊಟ್ಟಿಯಲ್ಲಿ ಈಗ ಬಿದ್ದ ಹನಿಯೂ ಬೆಳಿಗ್ಗೆ ಬಿದ್ದ ಹನಿಯೂ ಒಂದೇ ಕೋಲಿಗೆ ಸಿಕ್ಕಿ ಕದಡಿಹೋಗುತ್ತವೆ. ಈಗ ಬಿದ್ದದ್ದೇ ಮರುಗಳಿಗೆಗೆ ಹೊರಬಾಯಿಗೆ ಬಂದು ನಿಲ್ಲುತ್ತದೆ, ಸೋಪಿನ ಜೊತೆ ಹಸಿಯಾಗೇ ಹೊರಗೆ ಹೋಗುತ್ತದೆ. ತೊಟ್ಟಿ ಎಷ್ಟು ಹಿಗ್ಗಿದರೂ ಅದಕ್ಕೆ ಆ ಕಳ್ಳದಾರಿ ತಪ್ಪುವುದಿಲ್ಲ. ಇಲ್ಲಿ ಹಾಗಲ್ಲ. ಮೊದಲನೆಯದರಿಂದ ತಪ್ಪಿಸಿಕೊಂಡು ಬಂದದ್ದನ್ನು ಎರಡನೆಯದು ಹಿಡಿದು ಕೂರಿಸುತ್ತದೆ.

"ಮೊದಲನೆಯದು ನೂರರಲ್ಲಿ ಹತ್ತು ಬಿಡುತ್ತದೆ. ಎರಡನೆಯದು ಆ ಹತ್ತರಲ್ಲಿ ಒಂದು ಬಿಡುತ್ತದೆ," ಎಂದಳು ಸುಕನ್ಯಾ. ಅವಳ ಲೆಕ್ಕದ ಹಾಳೆಯಲ್ಲೂ ಅದೇ ಇತ್ತು. "ಕಬ್ಬಿಣ ಎರಡು ಮನೆಯಲ್ಲೂ ಅಷ್ಟೇ. ಒಂದು ಕಡೆ ಐದು, ಒಂದು ಕಡೆ ಒಂದು."

"ನಿನ್ನ ಕಾಲೇಜಿನಲ್ಲಿ ಅದಕ್ಕೆ ಎಷ್ಟು ವರ್ಷ ಹಿಡಿಯಿತು?"

"ನಾಲ್ಕು."

"ಆ ಹೆಂಗಸಿಗೆ ಮೂರು ದಿನ ಹಿಡಿಯಿತು," ಎಂದಳು ಹೊನ್ನೂರಮ್ಮ. ಆ ಹೆಂಗಸು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳೋ ಎನ್ನುವ ಹಾಗಿತ್ತು ಅವಳ ದನಿ.

ಸುಕನ್ಯಾ ಹಾಳೆ ಮಡಿಸಿದಳು. ತೊಟ್ಟಿಯ ಮಾತು ಮುಗಿದಿತ್ತು. ರುಜುವಿನ ಮಾತು ಮುಗಿದಿರಲಿಲ್ಲ.

"ತನ್ನ ಮಾನ ಅಷ್ಟೆಲ್ಲ ಕಳೆದವಳು ಅಂಗಳಕ್ಕೆ ಬಂದು ನಿಂತಾಗ ಪಕ್ಕದ ಮನೆಯವಳು ಸುಮ್ಮನೆ ಬಿಟ್ಟಳೇ ಅಜ್ಜಿ?"

"ಎಲ್ಲಿ ಬಿಟ್ಟಾಳು? ನನ್ನ ಮುಖಕ್ಕೇ ಹೇಳಿದಳು."

ಹೊನ್ನೂರಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ತಗ್ಗಿಸಿದ್ದ ದನಿಯನ್ನು ಬೀದಿಗೆ ಕೇಳುವಷ್ಟು ಏರಿಸಿದಳು.

"'ಅಕ್ಕಾ, ನಿನ್ನ ನಾಲಿಗೆ ಊರಿನಲ್ಲಿ ಒಬ್ಬರನ್ನೂ ಸುಡದೆ ಬಿಟ್ಟಿಲ್ಲ, ಆದರೆ ಸೋಪಿನ ಮೇಲೆ ಅದು ಇವತ್ತಿನವರೆಗೆ ಒಂದು ಸುಳ್ಳು ಆಡಿಲ್ಲ,' ಎಂದಳು."