ಬಸರಿ ಮರಕ್ಕೆ ಬಂದ ಕೆಂಜಿಗದ ದಂಡು

ಮಕ್ಕಳೇ, ಹಣ್ಣು ಬಿಟ್ಟ ಬಸರಿ ಮರದ ಕೆಳಗೆ ನೀವು ಎಂದಾದರೂ ನಿಂತಿದ್ದೀರಾ? ಅಬ್ಬಬ್ಬಾ, ಅದೇನು ಗದ್ದಲ! ಅದರ ಮುಂದೆ ಸಂತೆಯೂ ಸಪ್ಪೆ. ಆದರೆ ಕಾಡಿನ ಹಳ್ಳದ ದಂಡೆಯಲ್ಲಿದ್ದ ಒಂದು ಬಸರಿ ಮರದಲ್ಲಿ ಬೇರೆಯೇ ಸದ್ದು ಕೇಳುತ್ತಿತ್ತು. ಅಲ್ಲಿ ಎಲ್ಲರೂ ಒಟ್ಟಿಗೆ "ಆಹಾ!" ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಆಹಾ!"

ಯಾಕೆಂದರೆ ಆ ಮರಕ್ಕೊಬ್ಬ ರಾಜನಿದ್ದ. ಅವನು ಮಂಗಟ್ಟೆ ಹಕ್ಕಿ, ಹೆಸರು ಮಕುಟರಾಯ. ಬಾಳೆಕಾಯಿಯಷ್ಟು ದಪ್ಪ ಕೊಕ್ಕು, ಅದರ ಮೇಲೆ ಹುಟ್ಟಿನಿಂದಲೇ ಬಂದ ಹಳದಿ ಕಿರೀಟ.

"ನಾನು ಕಿರೀಟ ಹೊತ್ತೇ ಹುಟ್ಟಿದವನು. ನಾನಲ್ಲದೆ ಇನ್ಯಾರು ರಾಜ?" ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ಅಪ್ಪನೂ ಹಾಗೇ ಹೇಳುತ್ತಿದ್ದನಂತೆ, ಅಜ್ಜನೂ ಹಾಗೇ.

ರಾಜನ ಹೊಟ್ಟೆ ತುಂಬಿದ ಮೇಲೆಯೇ ಮಿಕ್ಕವರು ಹಣ್ಣು ಮುಟ್ಟಬೇಕು. ಅವನು ಒಂದೊಂದು ಹಣ್ಣನ್ನು ಮೇಲಕ್ಕೆಸೆದು ಗಪ್ಪನೆ ಹಿಡಿದಾಗಲೂ ಪ್ರಜೆಗಳು "ಆಹಾ!" ಎನ್ನಬೇಕು. ಮರೆತವರ ಬಾಲದಿಂದ ಗರಿಯೊಂದು ಕಿತ್ತು ಬರುತ್ತಿತ್ತು.

ಒಂದು ವರ್ಷ ಮರ ಸರಿಯಾಗಿ ಹಣ್ಣು ಬಿಡಲಿಲ್ಲ. ಹಣ್ಣಾದಷ್ಟನ್ನೂ ಮಕುಟರಾಯನೇ ತಿನ್ನುತ್ತಿದ್ದ. ತಿನ್ನಲಾಗದ್ದನ್ನು ಆಟಕ್ಕೆಂದು ಹಳ್ಳಕ್ಕೆ ಎಸೆಯುತ್ತಿದ್ದ. ಕೆಳಗಿನ ಕೊಂಬೆಯ ಗೊರವಂಕ ಸಿಂಗಾರಿಯ ಮರಿಗಳು ಹಸಿವಿನಿಂದ ಚೀರುವುದನ್ನೂ ಬಿಟ್ಟು ಸುಮ್ಮನೆ ಬಾಯಿ ತೆರೆದುಕೊಂಡು ಮಲಗಿದವು.

ಪಕ್ಕದ ಪೊಟರೆಯ ಅಳಿಲು ಗೀರಪ್ಪ ಅದನ್ನು ನೋಡಿದ. ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಸರ್ರನೆ ಮರವೇರಿ ರಾಜನ ಎದುರಿನ ರೆಂಬೆಯಲ್ಲಿ ಕೂತ.

ಮಕುಟರಾಯ ಹಣ್ಣನ್ನು ಮೇಲಕ್ಕೆಸೆದ, ಗಪ್ಪನೆ ಹಿಡಿದ.

"ಊಹೂಂ!" ಎಂದ ಗೀರಪ್ಪ.

ರಾಜನ ಗಂಟಲಲ್ಲಿ ಹಣ್ಣು ಸಿಕ್ಕಿಕೊಂಡಿತು. "ಏ... ಏನಂದೆ?"

"ಊಹೂಂ!" ಎಂದಳು ಸಿಂಗಾರಿ ಕೆಳಗಿನಿಂದ. "ಊಹೂಂ!" ಎಂದಿತು ಗಿಳಿಗಳ ಹಿಂಡು. ನೋಡುನೋಡುತ್ತಲೇ ಇಡೀ ಮರ "ಊಹೂಂ! ಊಹೂಂ!" ಎಂದು ನಡುಗತೊಡಗಿತು. ಎಲ್ಲರೂ ರೆಕ್ಕೆ ಬಡಿಯುತ್ತ ಮೇಲಕ್ಕೆ ನುಗ್ಗಿದರು. ಒಬ್ಬಿಬ್ಬರಾಗಿದ್ದರೆ ಮಕುಟರಾಯ ಕುಕ್ಕುತ್ತಿದ್ದನೇನೋ. ಇಷ್ಟು ಜನರನ್ನು ಎಲ್ಲಿಂದ ಕುಕ್ಕುವುದು? ಅವನು ಬುಸಬುಸನೆ ರೆಕ್ಕೆ ಬಿಚ್ಚಿ ಗುಡ್ಡದಾಚೆ ಹಾರಿಹೋದ.

ಅವತ್ತು ಸಿಂಗಾರಿಯ ಮರಿಗಳು ಹೊಟ್ಟೆ ತುಂಬಾ ತಿಂದು ತೇಗಿದವು. ಗೀರಪ್ಪನನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಮಾರನೇ ದಿನವೇ ಜಗಳ ಶುರುವಾಯಿತು ನೋಡಿ.

"ಗಿಳಿಗಳು ಅರ್ಧ ಕಚ್ಚಿ ಅರ್ಧ ಬಿಸಾಡ್ತಾವೆ!" ಎಂದು ಗೊರವಂಕಗಳು ದೂರಿದವು.

"ನೀವು ಮಾತ್ರ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡು ಬರ್ತೀರಿ!" ಎಂದವು ಗಿಳಿಗಳು.

"ಅಳಿಲುಗಳು ಪೊಟರೆ ತುಂಬಾ ಬಚ್ಚಿಡ್ತಾವೆ, ಅದನ್ನು ಯಾರೂ ಕೇಳಲ್ಲ!" ಎಂದು ಎರಡೂ ಗುಂಪು ಸೇರಿ ಕೂಗಿದವು.

ಕೊನೆಗೆ ದಪ್ಪ ಕೊಂಬೆಯಲ್ಲಿ ಸಭೆ ಸೇರಿತು. ಆ ಮರದಲ್ಲಿ ಎಲ್ಲರಿಗಿಂತ ಹಿರಿಯನೆಂದರೆ ಕುಟ್ರುಹಕ್ಕಿ ಕುಟ್ರಜ್ಜ. ಒಣಕೊಂಬೆಯನ್ನು ತಾನೇ ಕುಟ್ಟಿ ತೂತು ಮಾಡಿ ಮನೆ ಕಟ್ಟಿಕೊಂಡವನು. ಅವನು ಹೇಳಿದ, "ಸರದಿ ಮಾಡಿಕೊಳ್ಳೋಣ. ಯಾರು ಯಾವಾಗ ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಕೂತು ಮಾತಾಡೋಣ. ಇವತ್ತು ಮುಗಿಯದಿದ್ದರೆ ನಾಳೆ, ನಾಳೆ ಮುಗಿಯದಿದ್ದರೆ ನಾಡಿದ್ದು."

"ಅಯ್ಯೋ ಅಜ್ಜ! ನಾಡಿದ್ದಿನವರೆಗೂ ಈ ಕಿರುಚಾಟ ಯಾರು ಕೇಳ್ತಾರೆ?" ಎಂದ ಗೀರಪ್ಪ.

ಅಷ್ಟರಲ್ಲಿ ಪಟಪಟಿ ಎಂಬ ಗಿಳಿ ಹಾರಿಬಂದಳು. "ಕೇಳಿದಿರಾ? ಮಕುಟರಾಯ ತನ್ನ ಭಾವಮೈದುನರನ್ನು ಕರಕೊಂಡು ಬರ್ತಿದ್ದಾನಂತೆ!" ಕಣ್ಣಾರೆ ಕಂಡೆಯಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಎಲ್ಲರೂ ಗುಡ್ಡದ ಕಡೆ ಕತ್ತು ಚಾಚಿದರು.

"ನನಗೊಂದು ದಾರಿ ಹೊಳೆದಿದೆ" ಎಂದ ಗೀರಪ್ಪ. "ಪಕ್ಕದ ಮಾವಿನ ಮರದಲ್ಲಿ ಕೆಂಜಿಗ ಇರುವೆಗಳ ದಂಡಿದೆಯಲ್ಲ, ಅದನ್ನು ಕರೆಸೋಣ. ಮಕುಟರಾಯ ಬಂದರೆ ಕಾಲಿಗೆ ಕಚ್ಚುತ್ತಾರೆ. ಇಲ್ಲಿ ಜಗಳ ಮಾಡಿದವರಿಗೂ ಬುದ್ಧಿ ಕಲಿಸುತ್ತಾರೆ." "ಹೋಗು, ಕರೆದುಕೊಂಡು ಬಾ!" ಎಂದು ಗಿಳಿ, ಗೊರವಂಕಗಳೆಲ್ಲ ಕೂಗಿದವು.

ಕುಟ್ರಜ್ಜ ತಲೆಯಾಡಿಸಿದ. "ಕರೆಯೋದು ಸುಲಭ ಗೀರಾ. ಮತ್ತೆ ಕಳಿಸೋದು ಹೇಗೆ ಅಂತ ಮೊದಲು ಯೋಚಿಸಿದ್ದೀಯಾ?"

"ಕೆಲಸ ಮುಗಿದ ಮೇಲೆ ಅವರೇ ಹೋಗ್ತಾರೆ ಬಿಡಜ್ಜ!" ಎಂದವನೇ ಗೀರಪ್ಪ ಒಂದೇ ನೆಗೆತಕ್ಕೆ ಮಾವಿನ ಮರ ಸೇರಿದ.

ಕೆಂಜಿಗದ ದಂಡಿನ ನಾಯಕಿ ಕೆಂಚವ್ವ. ಮೈ ಕೆಂಪಗೆ, ಮಾತು ಮೆತ್ತಗೆ. ಗೀರಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಾವಿರೋದೇ ಸೇವೆಗೆ ಅಪ್ಪಾ. ಈ ಹಣ್ಣಿನ ಕಾಲ ಮುಗಿಯೋವರೆಗೆ ಇದ್ದು ಬರ್ತೀವಿ" ಎಂದಳು.

ದಂಡು ಸಾಲಾಗಿ ಬಸರಿ ಮರ ಹತ್ತಿತು. ಆಹಾ, ಅದೇನು ಶಿಸ್ತು! ಒಬ್ಬರ ಹಿಂದೆ ಒಬ್ಬರು, ಒಂದು ಹೆಜ್ಜೆ ಅತ್ತ ಇಲ್ಲ, ಇತ್ತ ಇಲ್ಲ. ಗಿಳಿಗಳು ಹಣ್ಣು ಬಿಸಾಡುವುದನ್ನು ಬಿಟ್ಟವು. ಗೊರವಂಕಗಳ ನೆಂಟರು ಬಂದ ದಾರಿಯಲ್ಲೇ ವಾಪಸು ಹೋದರು. ಗೀರಪ್ಪ ಮೀಸೆ ತಿರುವಿ, "ನಾನು ಹೇಳಿರಲಿಲ್ಲವಾ?" ಎಂದ.

ಮಕುಟರಾಯ ಮಾತ್ರ ಬರಲಿಲ್ಲ. ಬರುವವನೂ ಆಗಿರಲಿಲ್ಲ. ಗುಡ್ಡದಾಚೆ ಅವನು ಒಂಟಿಯಾಗಿ ಹಣ್ಣು ಎಸೆದು ಹಿಡಿದು, ತನಗೆ ತಾನೇ "ಆಹಾ" ಎಂದುಕೊಂಡಿದ್ದ.

ಆದರೆ ಕೆಂಚವ್ವ ದಿನಾ ಬೆಳಿಗ್ಗೆ ಹೇಳುತ್ತಿದ್ದಳು, "ವೈರಿ ಬರುತ್ತಿದ್ದಾನೆ! ಎಚ್ಚರ!" ಹಾಗೆಂದಾಗಲೆಲ್ಲ ಹೊಸ ಕಟ್ಟಳೆಯೊಂದು ಹುಟ್ಟುತ್ತಿತ್ತು. ಒಂದು ಕೊಂಬೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಕೂರಬಾರದು. ಸಭೆ ಸೇರಬಾರದು. ಜೋರಾಗಿ ಕೂಗಬಾರದು. ಅಷ್ಟರಲ್ಲಿ ಇರುವೆಗಳು ಎಲೆಗೆ ಎಲೆ ಹೊಲಿದು ಕೊಂಬೆಕೊಂಬೆಯಲ್ಲೂ ಗೂಡು ಕಟ್ಟಿಬಿಟ್ಟಿದ್ದವು. ಹಣ್ಣಿರುವ ಕೊಂಬೆಗೆ ಹೋಗಬೇಕೆಂದರೆ ಆ ಗೂಡುಗಳನ್ನು ದಾಟಬೇಕಿತ್ತು. ದಾಟಿದವರು ಕಾಲು ಒದರುತ್ತ ವಾಪಸು ಓಡಿಬರುತ್ತಿದ್ದರು.

ಪಾಪ, ಕುಟ್ರಜ್ಜನಿಗೆ ಕೂಗದೆ ಇರಲು ಬರುತ್ತದೆಯೇ? ಬಿಸಿಲೇರಿತೆಂದರೆ ಅವನ ಗಂಟಲಿನಿಂದ "ಕುಟ್ರೂ... ಕುಟ್ರೂ..." ತಾನಾಗಿಯೇ ಬರುತ್ತಿತ್ತು. ಒಂದು ಮಧ್ಯಾಹ್ನ ಹಾಗೆ ಕೂಗಿದ್ದೇ ತಡ, ದಂಡು ಅವನ ಮನೆಯೊಳಗೆ ನುಗ್ಗಿತು. ಮುದುಕ ಮೈಯೆಲ್ಲ ಉರಿ ಹತ್ತಿ ಹೊರಕ್ಕೆ ಬಿದ್ದ. ಸಾಲು ಅಲ್ಲಿಂದ ಹಾಗೇ ಸಿಂಗಾರಿಯ ಗೂಡಿಗೆ ತಿರುಗಿತು. ಇನ್ನೂ ಸರಿಯಾಗಿ ಹಾರಲು ಬಾರದ ಮರಿಗಳು ಹೆದರಿ ಕೆಳಗೆ ಜಿಗಿದವು. ಅವುಗಳಲ್ಲಿ ಒಂದರ ರೆಕ್ಕೆ ಉಳುಕಿತು.

ಗೀರಪ್ಪ ಅದನ್ನು ನೋಡಿದ. ಅವನು ನೇರ ಕೆಂಚವ್ವನ ಬಳಿ ಓಡಿದ.

"ಕೆಂಚವ್ವಾ, ಹಣ್ಣಿನ ಕಾಲ ಮುಗಿಯುತ್ತಾ ಬಂತು. ನಿಮ್ಮಿಂದ ದೊಡ್ಡ ಉಪಕಾರವಾಯಿತು. ಇನ್ನು ಮಾವಿನ ಮರಕ್ಕೆ ಹೊರಡಿ."

"ವೈರಿ ಇನ್ನೂ ಇದ್ದಾನಲ್ಲಪ್ಪ" ಎಂದಳು ಕೆಂಚವ್ವ, ಅದೇ ಮೆತ್ತನೆಯ ದನಿಯಲ್ಲಿ.

"ಎಲ್ಲಿದ್ದಾನೆ? ಯಾರಾದರೂ ನೋಡಿದ್ದಾರಾ?"

"ನನ್ನ ಎದುರೇ ಕೂತಿದ್ದಾನೆ. ದಂಡನ್ನು ಹೋಗು ಅನ್ನುವವನೇ ವೈರಿ."

ಅಷ್ಟೇ! ಕೆಂಪು ಸಾಲು ಗೀರಪ್ಪನ ಬಾಲ ಹತ್ತಿತು. ಅವನು ಕೊಂಬೆಯಿಂದ ಕೊಂಬೆಗೆ ಬಿದ್ದು, ಉರುಳಿ, ಕೊನೆಗೆ ನೆಲ ಸೇರಿದ. ಹಿಂದೆಯೇ ಗಿಳಿಗಳು, ಗೊರವಂಕಗಳು, ಎಲ್ಲರೂ ಮರ ಬಿಟ್ಟು ಕಾರೆಮುಳ್ಳಿನ ಪೊದೆಯಲ್ಲಿ ಕೂತರು. ಯಾರೂ ಗೀರಪ್ಪನನ್ನು ಬೈಯಲಿಲ್ಲ. ಅವನನ್ನು ಕಳಿಸಿದ್ದು ತಾವೇ ಅಲ್ಲವೇ?

ಸ್ವಲ್ಪ ಹೊತ್ತಿಗೆ ಪಟಪಟಿ ಚುರುಕಾದಳು. "ಇರುವೆಗಳಿಗೆ ಚಿಪ್ಪುಹಂದಿ ಕಂಡರೆ ಪ್ರಾಣಭಯ! ಅವನನ್ನು ಕರೆಸೋಣ. ಒಂದೇ ಏಟಿಗೆ ನೆಕ್ಕಿಬಿಡ್ತಾನೆ!"

"ಹೌದು ಹೌದು!" ಎಂದವು ಕೆಲವು ಹಕ್ಕಿಗಳು.

ಗೀರಪ್ಪ ಊದಿದ ಬಾಲವನ್ನು ನೆಕ್ಕಿಕೊಳ್ಳುತ್ತ ಕೇಳಿದ, "ಆಮೇಲೆ ಚಿಪ್ಪುಹಂದಿಯನ್ನು ಕಳಿಸೋರು ಯಾರು?"

ಪಟಪಟಿ ಬಾಯಿ ಮುಚ್ಚಿದಳು. ಅವಳ ಜೀವಮಾನದಲ್ಲಿ ಅದೇ ಮೊದಲು.

ಹಳ್ಳದಾಚೆ ಎಳೆಯ ಅತ್ತಿಮರವೊಂದಿತ್ತು. ಆ ವರ್ಷವಷ್ಟೇ ಅದು ಚೊಚ್ಚಲ ಹಣ್ಣು ಬಿಟ್ಟಿತ್ತು. ನಡುವೆ ನೀರಿದ್ದುದರಿಂದ ದಂಡು ಅಲ್ಲಿಗೆ ಬರುವಂತಿರಲಿಲ್ಲ. ಹಕ್ಕಿಗಳು ಅಲ್ಲಿಗೆ ಹಾರಿದವು. ಗೀರಪ್ಪ ಬಂಡೆಯಿಂದ ಬಂಡೆಗೆ ಜಿಗಿದ. ಸಿಂಗಾರಿಯ ಮರಿಗಳು, ರೆಕ್ಕೆ ಉಳುಕಿದ್ದೂ ಸೇರಿ, ಅವನ ಹಿಂದೆಯೇ ಕುಪ್ಪಳಿಸುತ್ತ ಹೋದವು. ಕುಟ್ರಜ್ಜ ನೋವಿನಲ್ಲೇ ಒಣಕೊಂಬೆಯೊಂದನ್ನು ಹುಡುಕಿ ಹೊಸ ಮನೆಗೆ ಕುಟ್ಟಲು ಶುರುಮಾಡಿದ.

ಬೆಳಿಗ್ಗೆ ಸಭೆ ಸೇರಿತು. ಗಿಳಿಗಳು ಕೂಗಿದವು, ಗೊರವಂಕಗಳು ಇನ್ನೂ ಜೋರಾಗಿ ಕೂಗಿದವು. ಗೀರಪ್ಪನಿಗೆ ಎರಡು ಸಲ ಸಿಟ್ಟು ಬಂತು. ಎರಡು ಸಲವೂ ನುಂಗಿಕೊಂಡ. ಮಾತು ಮುಗಿಯಲಿಲ್ಲ. ಮಾರನೇ ದಿನವೂ ಮುಗಿಯಲಿಲ್ಲ. ಮೂರನೇ ದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಮರಿಗಳಿಗೆ ಮೊದಲು, ಮುದುಕರಿಗೆ ಆಮೇಲೆ, ಉಳಿದವರಿಗೆ ಸರದಿಯಂತೆ ಎಂದು ತೀರ್ಮಾನವಾಯಿತು. ಅತ್ತಿಹಣ್ಣು ಸಣ್ಣದು, ಅದರಲ್ಲೂ ಅರ್ಧಕ್ಕರ್ಧ ಹುಳಿ. ಆದರೂ ಎಲ್ಲರ ಪಾಲಿಗೂ ಬಂತು.

ನೀತಿ: ತಮ್ಮ ಜಗಳವನ್ನು ತಾವೇ ಕೂತು ಬಗೆಹರಿಸಿಕೊಳ್ಳುವ ತಾಳ್ಮೆ ಇಲ್ಲದವರು, ಅರಸನಿಂದ ಬಿಡಿಸಿಕೊಂಡ ಸ್ವಾತಂತ್ರ್ಯವನ್ನು ದಂಡಿನ ಕೈಗೆ ತಾವೇ ಒಪ್ಪಿಸುತ್ತಾರೆ.